ಇಳಿತದ ಹೊತ್ತಿನಲ್ಲಿ ಕೋಣೆಯೆದುರು ಏನಿರುತ್ತದೆ: ಹ್ಯಾವ್‌ಲಾಕ್‌ನಲ್ಲಿ ವಸತಿ ಆಯ್ದುಕೊಂಡ ಕುಟುಂಬವೊಂದರ ಪ್ರಕರಣ

ಹಿನ್ನೆಲೆ

ಉತ್ತರ ಕರ್ನಾಟಕದ ಜಿಲ್ಲಾ ಕೇಂದ್ರವೊಂದರಲ್ಲಿ ನೆಲೆಸಿರುವ ಆರು ಜನರ ಕುಟುಂಬವು ದಸರಾ ರಜೆಯಲ್ಲಿ ಅಂಡಮಾನಿಗೆ ಹೋಗಿಬಂದ ಪ್ರಕರಣವಿದು. ಕುಟುಂಬಗಳ ಪ್ರವಾಸಕ್ಕೆ ಯೋಜನೆ ಹಾಕಿಕೊಡುವುದು ನನ್ನ ಕೆಲಸವಾದ್ದರಿಂದ ಇದರ ಚರ್ಚೆಯಲ್ಲಿ ನಾನು ಮೊದಲಿನಿಂದ ಕೊನೆಯವರೆಗೂ ಇದ್ದೆ. ಅವರ ಗುರುತು ಸಿಗದಿರಲೆಂದು ಊರು, ವೃತ್ತಿ, ವರ್ಷ ಮತ್ತು ತಂಗಿದ ರೆಸಾರ್ಟುಗಳ ಹೆಸರನ್ನು ಬಿಟ್ಟಿದ್ದೇನೆ. ತೀರ್ಮಾನಗಳನ್ನೂ ಅವುಗಳ ಹಿಂದಿದ್ದ ಕಾರಣಗಳನ್ನೂ ಮಾತ್ರ ಇದ್ದಂತೆಯೇ ಬರೆದಿದ್ದೇನೆ.

ಕುಟುಂಬದಲ್ಲಿದ್ದವರು ಅಜ್ಜ, ಅಜ್ಜಿ, ಮಗ, ಸೊಸೆ, ಹದಿಮೂರು ವರ್ಷದ ಮೊಮ್ಮಗಳು ಮತ್ತು ಆರು ವರ್ಷದ ಮೊಮ್ಮಗ. ಅಜ್ಜನಿಗೆ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಲಾಗಿತ್ತು. ಅಜ್ಜಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿತ್ತು. ಸಮತಟ್ಟಾದ ನೆಲದ ಮೇಲೆ ನಿಧಾನವಾಗಿ ನಡೆಯಬಲ್ಲವರಾದರೂ ಮೆಟ್ಟಿಲು ಅವರಿಗೆ ಕಷ್ಟ. ಮೊಮ್ಮಗಳು ಊರಿನ ಈಜುಕೊಳದಲ್ಲಿ ಈಜು ಕಲಿತಿದ್ದಳು, ಸಮುದ್ರದಲ್ಲಿ ಈಜಬೇಕೆಂಬುದು ಅವಳ ಆಸೆಯಾಗಿತ್ತು. ಸೊಸೆಗೆ ಬೇಕಾಗಿದ್ದುದು ಬಾಗಿಲು ತೆರೆದರೆ ಎದುರಿಗೇ ಸಮುದ್ರ ಕಾಣುವ ಕೋಣೆ. ಅಜ್ಜ ಬಯಸಿದ್ದು ಒಂದನ್ನೇ: ಸೆಲ್ಯುಲರ್ ಜೈಲನ್ನು ಕಣ್ಣಾರೆ ನೋಡಬೇಕು. ಎಲ್ಲರೂ ಸಸ್ಯಾಹಾರಿಗಳು.

ನನ್ನ ಬಳಿ ಬರುವ ಮೊದಲೇ ಮಗ ಅರ್ಧ ಕೆಲಸ ಮುಗಿಸಿದ್ದರು. ವಿಮಾನದ ಟಿಕೆಟ್‌ಗಳಾಗಿದ್ದವು, ಒಟ್ಟು ಆರು ರಾತ್ರಿಗಳ ಪ್ರವಾಸ. ಹ್ಯಾವ್‌ಲಾಕ್ ದ್ವೀಪದ ಪೂರ್ವ ದಂಡೆಯಲ್ಲಿ, ಐದನೇ ನಂಬರ್ ಬೀಚ್ ಎಂದು ಎಲ್ಲರೂ ಕರೆಯುವ ವಿಜಯನಗರದಲ್ಲಿ, ಸಮುದ್ರದೆದುರಿನ ಎರಡು ಕಾಟೇಜ್‌ಗಳಿಗೆ ಮುಂಗಡವನ್ನೂ ಕೊಟ್ಟಿದ್ದರು. 2018ರ ಕೊನೆಯಲ್ಲಿ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪವೆಂದೂ ಅದರ ಹತ್ತಿರದ ನೀಲ್‌ಗೆ ಶಹೀದ್ ದ್ವೀಪವೆಂದೂ, 2024ರಲ್ಲಿ ವಿಮಾನ ನಿಲ್ದಾಣವಿರುವ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯಪುರಂ ಎಂದೂ ಹೆಸರಾಗಿದೆ. ಆದರೆ ಪ್ರಯಾಣದ ಮಾತುಕತೆಯಲ್ಲಿ ಹಳೆಯ ಹೆಸರುಗಳೇ ಬಳಕೆಯಲ್ಲಿರುವುದರಿಂದ ಇಲ್ಲಿಯೂ ಅವನ್ನೇ ಬಳಸುತ್ತೇನೆ. ಅವರ ಯೋಜನೆ ಹೀಗಿತ್ತು: ವಿಮಾನ ಇಳಿದ ದಿನವೇ ಹಡಗು ಹಿಡಿದು ಹ್ಯಾವ್‌ಲಾಕ್ ಸೇರಿ ನಾಲ್ಕು ರಾತ್ರಿ ತಂಗುವುದು, ಅಲ್ಲಿಂದ ನೀಲ್‌ಗೆ ಹೋಗಿ ಎರಡು ರಾತ್ರಿ ಉಳಿಯುವುದು, ಕೊನೆಯ ದಿನ ಬೆಳಗಿನ ಹಡಗಿನಲ್ಲಿ ಪೋರ್ಟ್ ಬ್ಲೇರ್‌ಗೆ ಮರಳಿ ಜೈಲನ್ನು ನೋಡಿಕೊಂಡು ಅದೇ ದಿನ ಮಧ್ಯಾಹ್ನ ವಿಮಾನ ಹತ್ತುವುದು. ಅವರು ನನ್ನನ್ನು ಕೇಳಿದ್ದು ಇಷ್ಟೇ: ನಾಲ್ಕೂ ರಾತ್ರಿ ಅದೇ ಕಾಟೇಜ್‌ನಲ್ಲಿ ಇರುವುದೋ, ಅಥವಾ ಎರಡು ರಾತ್ರಿ ಅದೇ ದ್ವೀಪದ ಪಶ್ಚಿಮ ದಂಡೆಯ ರಾಧಾನಗರದ ಕಡೆಗೆ ಬದಲಾಯಿಸುವುದೋ?

ಸಮಸ್ಯೆ

ಆ ಪ್ರಶ್ನೆಗೆ ಉತ್ತರಿಸುವ ಮೊದಲು ದ್ವೀಪದ ಎರಡು ದಂಡೆಗಳ ಸ್ವಭಾವವನ್ನು ಅವರಿಗೆ ವಿವರಿಸಬೇಕಾಯಿತು, ಏಕೆಂದರೆ ರೆಸಾರ್ಟುಗಳ ಚಿತ್ರಗಳಲ್ಲಿ ಅದು ಕಾಣುವುದಿಲ್ಲ. ಹ್ಯಾವ್‌ಲಾಕ್‌ನ ಪೂರ್ವ ದಂಡೆಯುದ್ದಕ್ಕೂ ನೀರಿನಡಿಯಲ್ಲಿ ಹವಳದ ಕಲ್ಲಿನ ಅಗಲವಾದ ಚಪ್ಪಟೆ ಹಾಸು ಇದೆ. ಉಬ್ಬರದಲ್ಲಿ ಅದರ ಮೇಲೆ ತಿಳಿಹಸಿರು ನೀರು ತುಂಬಿ, ತೆಂಗಿನ ಮರಗಳ ಬುಡದವರೆಗೂ ಸಮುದ್ರ ಬಂದು ನಿಲ್ಲುತ್ತದೆ. ಚಿತ್ರ ತೆಗೆಯುವುದು ಆ ಹೊತ್ತಿನಲ್ಲಿ. ಇಳಿತದಲ್ಲಿ ನೀರು ನೂರಾರು ಮೀಟರ್ ಹಿಂದೆ ಸರಿದು, ಕಲ್ಲು, ಕೆಸರುಮರಳು ಮತ್ತು ಅಲ್ಲಲ್ಲಿ ನಿಂತ ನೀರಿನ ಹೊಂಡಗಳು ಉಳಿಯುತ್ತವೆ. ಆಗ ಅಲ್ಲಿ ಈಜುವುದಿರಲಿ, ಬರಿಗಾಲಿನಲ್ಲಿ ನಡೆಯುವುದೂ ಆಗದು. ಪಶ್ಚಿಮ ದಂಡೆಯ ರಾಧಾನಗರದಲ್ಲಿ ಹಾಗಿಲ್ಲ. ಅಲ್ಲಿ ನುಣುಪಾದ ಮರಳು ನಿಧಾನವಾಗಿ ಇಳಿಜಾರಾಗಿ ನೀರಿನೊಳಗೆ ಇಳಿಯುವುದರಿಂದ ಇಳಿತವಿರಲಿ ಉಬ್ಬರವಿರಲಿ ನೀರಿಗೆ ಇಳಿಯಬಹುದು, ಜೀವರಕ್ಷಕರೂ ಇರುತ್ತಾರೆ, ಸ್ವಚ್ಛತೆ, ಸುರಕ್ಷತೆಗಳನ್ನು ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಭಾರತದ ಮೊದಲ ಬೀಚ್‌ಗಳಲ್ಲಿ ಅದೂ ಒಂದು. ಆದರೆ ಅದು ಹಡಗು ನಿಲ್ಲುವ ಜೆಟ್ಟಿಯಿಂದ ಸುಮಾರು 12 ಕಿ.ಮೀ. ದೂರದಲ್ಲಿ, ದ್ವೀಪದ ಇನ್ನೊಂದು ಮಗ್ಗುಲಿನಲ್ಲಿದೆ. ಅಲ್ಲಿ ವಸತಿಗಳು ಕಡಿಮೆ, ಇರುವವುಗಳಲ್ಲಿ ಕೆಲವು ಬಹಳ ದುಬಾರಿ, ಕತ್ತಲಾದ ಮೇಲೆ ಅಂಗಡಿ-ಹೋಟೆಲುಗಳೂ ವಾಹನಗಳೂ ವಿರಳ. ಬೀಚಿನ ಉತ್ತರದ ತುದಿಯಲ್ಲಿರುವ ಹಿನ್ನೀರಿನ ಕಡೆ ನೀರಿಗಿಳಿಯಲೇಬಾರದೆಂದು ಆ ಕುಟುಂಬಕ್ಕೆ ಸ್ಪಷ್ಟವಾಗಿ ಹೇಳಿದೆ. 2010ರಲ್ಲಿ ಅಲ್ಲಿ ಪ್ರವಾಸಿಯೊಬ್ಬರು ಉಪ್ಪುನೀರಿನ ಮೊಸಳೆಗೆ ಬಲಿಯಾಗಿದ್ದಾರೆ.

ಎರಡನೆಯ ಸಂಗತಿ ಸೂರ್ಯನದು. ಅಂಡಮಾನ್ ಸುಮಾರು 93 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೂ ಗಡಿಯಾರ ಮಾತ್ರ ಭಾರತದ ಉಳಿದೆಡೆಯದ್ದೇ. ಆದ್ದರಿಂದ ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಅಲ್ಲಿ ಬೆಳಗಾಗುತ್ತದೆ, ಒಂದು ಗಂಟೆ ಮೊದಲೇ ಸಂಜೆಯಾಗುತ್ತದೆ. ಅಕ್ಟೋಬರ್‌ನಲ್ಲಿ ಸಂಜೆ ಐದು ದಾಟುತ್ತಿದ್ದಂತೆ ಸೂರ್ಯ ಮುಳುಗಿ, ಐದೂಮುಕ್ಕಾಲಕ್ಕೆ ಗಾಢ ಕತ್ತಲಾಗಿರುತ್ತದೆ. ಅಂದರೆ ಮಲಗುವವರೆಗಿನ ನಾಲ್ಕು ಗಂಟೆಗಳ ಉದ್ದನೆಯ ಸಂಜೆಯನ್ನು ಕುಟುಂಬವು ಕಳೆಯಬೇಕಾದದ್ದು ಸಮುದ್ರದ ಬಳಿಯಲ್ಲ, ಕೋಣೆಯಲ್ಲಿ ಅಥವಾ ಅದರ ಸುತ್ತಮುತ್ತ. ವಸತಿಯನ್ನು ಆಯ್ದುಕೊಳ್ಳುವಾಗ ಈ ನಾಲ್ಕು ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯುವವರನ್ನು ನಾನು ಕಂಡಿರುವುದು ಕಡಿಮೆ. ವಯಸ್ಸಾದವರಿರುವ ಕುಟುಂಬಕ್ಕೆ ಅವು ಬಹಳ ಮುಖ್ಯ.

ಮೂರನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು, ಹಡಗುಗಳ ಅನಿಶ್ಚಿತತೆ. ದ್ವೀಪಗಳ ನಡುವೆ ಓಡಾಡುವ ಖಾಸಗಿ ವೇಗದ ಹಡಗುಗಳೂ ಸರ್ಕಾರಿ ಹಡಗುಗಳೂ ಗಾಳಿ ಜೋರಾದರೆ ನಿಲ್ಲುತ್ತವೆ. ಅಕ್ಟೋಬರ್ ಎಂದರೆ ನೈಋತ್ಯ ಮುಂಗಾರು ಹಿಂದೆ ಸರಿದು, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಶುರುವಾಗುವ ಕಾಲ. 2016ರ ಡಿಸೆಂಬರ್‌ನಲ್ಲಿ ಇಂತಹದೇ ಹವಾಮಾನದಿಂದ ಹಡಗುಗಳು ನಿಂತು, ಹ್ಯಾವ್‌ಲಾಕ್ ಮತ್ತು ನೀಲ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಲುಕಿಕೊಂಡು, ಕೊನೆಗೆ ನೌಕಾಪಡೆಯ ಹಡಗುಗಳು ಹೋಗಿ ಅವರನ್ನು ಕರೆತರಬೇಕಾಯಿತು. ಈ ಕುಟುಂಬದ ಯೋಜನೆಯಲ್ಲಿ ಕೊನೆಯ ರಾತ್ರಿ ನೀಲ್‌ನಲ್ಲಿತ್ತು, ಮರುದಿನ ಮಧ್ಯಾಹ್ನ ವಿಮಾನವಿತ್ತು, ಅಜ್ಜನ ಜೈಲು ಭೇಟಿ ಅವೆರಡರ ನಡುವೆ ಸಿಕ್ಕಿಕೊಂಡಿತ್ತು. ಒಂದೇ ಒಂದು ಹಡಗು ತಪ್ಪಿದರೆ ಆರೂ ಜನರ ವಿಮಾನದ ಹಣ ಹೋಗುತ್ತಿತ್ತು, ಅಜ್ಜನ ಆಸೆಯೂ ಉಳಿದುಹೋಗುತ್ತಿತ್ತು.

ಏನೇನು ಯೋಚಿಸಲಾಯಿತು

ಮೊದಲು ನೋಡಿದ್ದು ಉಬ್ಬರ-ಇಳಿತದ ಪಟ್ಟಿಯನ್ನು. ಅವರು ವಿಜಯದಶಮಿಯ ಮರುದಿನ ಹೊರಡುವವರಿದ್ದರು. ಹಾಗಾದರೆ ಹ್ಯಾವ್‌ಲಾಕ್‌ನ ದಿನಗಳು ದ್ವಾದಶಿಯಿಂದ ಶೀಗಿ ಹುಣ್ಣಿಮೆಯವರೆಗೆ ಬೀಳುತ್ತವೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಂಡಮಾನಿನಲ್ಲಿ ಆಗ ಎರಡರ ನಡುವಿನ ಅಂತರ ಸುಮಾರು 2 ಮೀಟರ್ ತಲುಪುತ್ತದೆ. ಆ ವಾರದ ಪಟ್ಟಿಯಂತೆ ಬೆಳಗಿನ ಹೊತ್ತು ನೀರು ತುಂಬಿ, ಮಧ್ಯಾಹ್ನ ಊಟದ ನಂತರ ಹಿಂದೆ ಸರಿಯುವುದಿತ್ತು. ಅಂದರೆ ಮಕ್ಕಳು ಕಾಟೇಜ್‌ನ ಎದುರಿಗೇ ನೀರಿನಲ್ಲಿ ಆಡಬಹುದಾದ ಅವಧಿ ಬೆಳಗಿನ ಕೆಲವು ಗಂಟೆಗಳು ಮಾತ್ರ. ಮಧ್ಯಾಹ್ನದ ನಂತರ ಕೋಣೆಯೆದುರು ಉಳಿಯುವುದು ಕಲ್ಲಿನ ಹಾಸು. ಇದನ್ನು ಹೇಳಿದಾಗ ಮಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರು ಕೊಟ್ಟ ಮುಂಗಡಕ್ಕೆ ಕಾರಣವಾಗಿದ್ದ ಚಿತ್ರ ಸುಳ್ಳಾಗಿರಲಿಲ್ಲ. ಅದು ದಿನದ ಒಂದು ಭಾಗವನ್ನಷ್ಟೇ ತೋರಿಸಿತ್ತು.

ರಾಧಾನಗರಕ್ಕೆ ಪೂರ್ತಿ ಬದಲಾಯಿಸುವುದು ಮುಂದಿನ ಸಾಧ್ಯತೆ. ಸೊಸೆಗೂ ಮೊಮ್ಮಗಳಿಗೂ ಅದು ಒಪ್ಪಿಗೆಯಾಗಿತ್ತು. ಆದರೆ ಅವರ ಖರ್ಚಿನ ಮಿತಿಯೊಳಗೆ ಅಲ್ಲಿ ಸಿಕ್ಕಿದ್ದು ಕಂಬಗಳ ಮೇಲೆ ಕಟ್ಟಿದ, ಏಣಿಯಂತಹ ಮೆಟ್ಟಿಲುಗಳಿದ್ದ ಗುಡಿಸಲುಗಳು. ಸಸ್ಯಾಹಾರಿ ಊಟಕ್ಕೆ, ಔಷಧಿಗೆ, ಏನಾದರೂ ತುರ್ತಾದರೆ ಆರೋಗ್ಯ ಕೇಂದ್ರಕ್ಕೆ ಎಲ್ಲಕ್ಕೂ ದ್ವೀಪದ ಇನ್ನೊಂದು ಬದಿಗೆ ಕತ್ತಲಲ್ಲಿ ಬರಬೇಕು. ಮೂರನೇ ನಂಬರ್ ಬೀಚ್ ಎನ್ನುವ ಗೋವಿಂದನಗರದ ಪೇಟೆಯ ಹತ್ತಿರ ಉಳಿಯುವುದು ಇನ್ನೊಂದು ಸಾಧ್ಯತೆ. ಅಲ್ಲಿ ಬಾಡಿಗೆ ಕಡಿಮೆ, ಜೆಟ್ಟಿಯೂ ಅಂಗಡಿಗಳೂ ಹತ್ತಿರ, ಆದರೆ ಈಗಾಗಲೇ ಕೊಟ್ಟ ಮುಂಗಡವನ್ನು ಬಿಟ್ಟುಕೊಡಬೇಕಾಗುತ್ತಿತ್ತು. ಪೋರ್ಟ್ ಬ್ಲೇರ್‌ನಲ್ಲೇ ಉಳಿದು ಹ್ಯಾವ್‌ಲಾಕ್‌ಗೆ ಒಂದು ದಿನ ಹೋಗಿಬರುವ ಆಲೋಚನೆಯನ್ನು ಅಜ್ಜ ಮುಂದಿಟ್ಟರು. ಹೋಗುವಾಗಲೂ ಬರುವಾಗಲೂ ಹಡಗಿನಲ್ಲಿ ಸುಮಾರು ಒಂದೂವರೆ ಗಂಟೆಯಂತೆ, ಜೆಟ್ಟಿಯಲ್ಲಿ ಕಾಯುವುದನ್ನೂ ಸೇರಿಸಿದರೆ ಹಗಲಿನ ಹೆಚ್ಚು ಭಾಗ ಪ್ರಯಾಣಕ್ಕೇ ಹೋಗುವುದರಿಂದ ಅದನ್ನು ಕೈಬಿಟ್ಟೆವು.

ಚರ್ಚೆ ನಿಜವಾಗಿ ತಿರುಗಿದ್ದು ಅಜ್ಜಿಯ ಮಾತಿನಿಂದ. ಅದುವರೆಗೆ ಫೋನಿನಲ್ಲಿ ಮಗ, ಸೊಸೆ ಮಾತ್ರ ಮಾತಾಡುತ್ತಿದ್ದರು. ಅಮ್ಮನವರಿಗೆ ಏನು ಬೇಕೆಂದು ಕೇಳಿದಾಗ ಫೋನು ಅವರ ಕೈಗೆ ಹೋಯಿತು. "ಸಮುದ್ರ ಕಾಣಲಿಲ್ಲಂದ್ರ ನಾಕು ಹೆಜ್ಜಿ ನಡದು ಹೋಗಿ ನೋಡೇನಿ ತಮ್ಮಾ. ರಾತ್ರಿ ಬಚ್ಚಲಕ್ಕ ಹೋಗಾಕ ಮೆಟ್ಟಲ ಇರಬಾರದು, ಅಷ್ಟ ನೋಡು" ಎಂದರು. ಆಮೇಲೆ ರೆಸಾರ್ಟಿನವರಿಗೆ ಫೋನು ಮಾಡಿ ಕೇಳಿದರೆ, ಮುಂಗಡ ಕೊಟ್ಟಿದ್ದ ಸಮುದ್ರದೆದುರಿನ ಎರಡೂ ಕಾಟೇಜ್‌ಗಳಿಗೆ ಐದೈದು ಮರದ ಮೆಟ್ಟಿಲುಗಳಿದ್ದವು. ಸ್ನಾನದಮನೆ ಕೋಣೆಗಿಂತ ಒಂದು ಹಂತ ಕೆಳಗಿತ್ತು. ಅದೇ ರೆಸಾರ್ಟಿನ ಹಿಂಭಾಗದಲ್ಲಿ, ರಸ್ತೆಯ ಕಡೆಗಿರುವ ತೋಟದಲ್ಲಿ, ನೆಲಮಟ್ಟದ ಕಾಂಕ್ರೀಟ್ ಕೋಣೆಗಳಿದ್ದವು. ಬಾಗಿಲವರೆಗೂ ವಾಹನ ಬರುತ್ತಿತ್ತು, ಮುಂದೆ ಅಗಲವಾದ ಜಗಲಿಯಿತ್ತು, ಬಾಡಿಗೆ ಸುಮಾರು ಅರ್ಧದಷ್ಟೇ.

ಇಲ್ಲಿ ಸೊಸೆಯ ಆಸೆಯನ್ನು ಬದಿಗೆ ತಳ್ಳುವುದು ಸುಲಭವಿತ್ತು, ಮಗ ಹಾಗೆಯೇ ಮಾಡಲು ಹೊರಟಿದ್ದರು. ನಾನು ಬೇಡವೆಂದೆ. ಇಡೀ ವರ್ಷ ಮನೆಯ ಎಲ್ಲರ ಅನುಕೂಲ ನೋಡುವ ವ್ಯಕ್ತಿಯ ಒಂದೇ ಬೇಡಿಕೆ ಪ್ರವಾಸದಲ್ಲಿಯೂ ಮೊದಲಿಗೇ ಕಡಿತವಾಗುವುದು ನ್ಯಾಯವಲ್ಲ. ಕೊನೆಗೆ ಎರಡು ಕಾಟೇಜ್‌ಗಳ ಬದಲು ಒಂದು ಕಾಟೇಜ್ ಮತ್ತು ಹಿಂಭಾಗದ ಒಂದು ಕೋಣೆ ಎಂದು ತೀರ್ಮಾನವಾಯಿತು: ಮಗ, ಸೊಸೆ, ಮೊಮ್ಮಗ ಕಾಟೇಜ್‌ನಲ್ಲಿ, ಅಜ್ಜ, ಅಜ್ಜಿ, ಮೊಮ್ಮಗಳು ಹಿಂದಿನ ಕೋಣೆಯಲ್ಲಿ. ಮುಂಗಡವನ್ನು ರೆಸಾರ್ಟಿನವರು ತಕರಾರಿಲ್ಲದೆ ಹೊಂದಿಸಿಕೊಂಡರು. ಉಳಿದ ಹಣದಲ್ಲಿ ಹ್ಯಾವ್‌ಲಾಕ್‌ನಲ್ಲಿರುವಷ್ಟು ದಿನ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಒಂದು ವಾಹನವನ್ನು ಗೊತ್ತುಮಾಡಿಕೊಂಡರು. ರಾಧಾನಗರದಲ್ಲಿ ಉಳಿಯುವ ಬದಲು ರಾಧಾನಗರಕ್ಕೆ ಸರಿಯಾದ ಹೊತ್ತಿಗೆ ಹೋಗಿ, ಸೂರ್ಯ ಮುಳುಗಿದ ಮೇಲೆ ತೊಂದರೆಯಿಲ್ಲದೆ ಮರಳುವುದು ಇದರ ಹಿಂದಿನ ಯೋಚನೆ.

ರಾತ್ರಿಗಳ ಹಂಚಿಕೆಯೇ ಹೆಚ್ಚು ಹಗ್ಗಜಗ್ಗಾಟಕ್ಕೆ ಕಾರಣವಾಯಿತು. ಮೊದಲ ರಾತ್ರಿ ಪೋರ್ಟ್ ಬ್ಲೇರ್, ನಂತರ ಮೂರು ರಾತ್ರಿ ಹ್ಯಾವ್‌ಲಾಕ್, ಕೊನೆಯ ಎರಡು ರಾತ್ರಿ ಮತ್ತೆ ಪೋರ್ಟ್ ಬ್ಲೇರ್ ಎಂಬುದು ನನ್ನ ಸಲಹೆಯಾಗಿತ್ತು. ನೀಲ್ ಪೂರ್ತಿ ಹೋಗುತ್ತಿತ್ತು. ದ್ವೀಪಕ್ಕೆ ಹೋಗಿ ಅರ್ಧದಷ್ಟು ರಾತ್ರಿಗಳನ್ನು ಪಟ್ಟಣದಲ್ಲಿ ಕಳೆಯುವುದೇ ಎಂದು ಮಗ ಕೇಳಿದ್ದು ಸಹಜವೇ. ನೀಲ್ ಪುಟ್ಟದಾದ, ಶಾಂತವಾದ, ಹಸಿರು ಗದ್ದೆಗಳ ದ್ವೀಪ. ಅದನ್ನು ಬಿಡಿಸುವುದು ನನಗೂ ಇಷ್ಟವಿರಲಿಲ್ಲ. ಆದರೆ ಅಜ್ಜನ ಹೃದಯವನ್ನು ಗಮನಿಸಿದರೆ ವೈದ್ಯಕೀಯ ದೂರ ಮುಖ್ಯವಾಗಿತ್ತು. ಹ್ಯಾವ್‌ಲಾಕ್‌ನಲ್ಲಿರುವುದು ಪ್ರಾಥಮಿಕ ಆರೋಗ್ಯ ಕೇಂದ್ರ. ಅದಕ್ಕಿಂತ ಹೆಚ್ಚಿನ ಚಿಕಿತ್ಸೆ ಬೇಕೆಂದರೆ ಸಮುದ್ರ ದಾಟಿ ಪೋರ್ಟ್ ಬ್ಲೇರ್‌ನ ಗೋವಿಂದ ವಲ್ಲಭ ಪಂತ್ ಆಸ್ಪತ್ರೆಗೇ ಬರಬೇಕು. ಮೇಲಾಗಿ ಪ್ರತಿ ಹೊಸ ದ್ವೀಪವೂ ಮತ್ತೊಂದು ಹಡಗನ್ನು, ಮತ್ತೊಮ್ಮೆ ಸಾಮಾನು ಕಟ್ಟುವುದನ್ನು, ಹವಾಮಾನ ಕೆಡಲು ಮತ್ತೊಂದು ಅವಕಾಶವನ್ನು ಸೇರಿಸುತ್ತದೆ. ಅಜ್ಜನ ಜೈಲು ಭೇಟಿಯನ್ನು ಕೊನೆಯ ದಿನದಿಂದ ತೆಗೆದು ಮೊದಲ ದಿನ ಮಧ್ಯಾಹ್ನಕ್ಕೆ ಹಾಕಿದ ಮೇಲೆ ಮೊದಲ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿರುವುದಕ್ಕೆ ಎಲ್ಲರೂ ಒಪ್ಪಿದರು. ಕೊನೆಯ ಎರಡು ರಾತ್ರಿಗಳ ಬಗ್ಗೆ ಮಗ ಅರೆಮನಸ್ಸಿನಿಂದಲೇ ಹೂಂ ಎಂದರು.

ನಡೆದದ್ದು

ಮೊದಲ ದಿನ ಎಣಿಸಿದಂತೆಯೇ ಸಾಗಿತು. 1906ರಲ್ಲಿ ಕಟ್ಟಿ ಮುಗಿದ ಆ ಜೈಲಿನ ಸಾಲು ಕೋಣೆಗಳ ಮುಂದೆ ಅಜ್ಜ ಬಹಳ ಹೊತ್ತು ನಿಂತಿದ್ದರಂತೆ. ಸಂಜೆಯ ಧ್ವನಿ-ಬೆಳಕಿನ ಕಾರ್ಯಕ್ರಮವನ್ನೂ ನೋಡಿದರು.

ಮರುದಿನ ಹ್ಯಾವ್‌ಲಾಕ್ ತಲುಪಿದ್ದು ಮಧ್ಯಾಹ್ನ, ನೀರು ಹಿಂದೆ ಸರಿಯುತ್ತಿದ್ದ ಹೊತ್ತಿಗೆ. ಮೊದಲೇ ತಿಳಿದಿದ್ದರಿಂದ ಯಾರಿಗೂ ಮೋಸಹೋದೆವೆಂಬ ಭಾವನೆ ಬರಲಿಲ್ಲ. ಇಳಿತದ ತೀರವನ್ನು ಅತಿ ಹೆಚ್ಚು ಇಷ್ಟಪಟ್ಟವನು ಆರು ವರ್ಷದ ಹುಡುಗ. ಹೊಂಡಗಳಲ್ಲಿ ಉಳಿದ ಏಡಿಗಳನ್ನೂ ಸಣ್ಣ ಮೀನುಗಳನ್ನೂ ನೋಡುತ್ತ ಅವನು ತಂದೆಯ ಜೊತೆ ರಬ್ಬರ್ ಅಡಿಯ ಬೂಟು ಹಾಕಿಕೊಂಡು ಅಂಚಿನಲ್ಲಿಯೇ ತಿರುಗಾಡಿದ. ಹವಳದ ಮೇಲೆ ಕಾಲಿಡಬಾರದು, ಹವಳದ ತುಣುಕುಗಳನ್ನು ಆಯ್ದು ತರಬಾರದು ಎಂದು ಮೊದಲೇ ಹೇಳಿದ್ದೆ. ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಮರುದಿನ ಬೆಳಗ್ಗೆ ಉಬ್ಬರ ಬಂದಾಗ ಅಕ್ಕ-ತಮ್ಮ ಇಬ್ಬರೂ ಕಾಟೇಜ್‌ನ ಎದುರಿಗೇ ಸೊಂಟಮಟ್ಟದ ನೀರಿನಲ್ಲಿ ಆಡಿದರು. ಮಧ್ಯಾಹ್ನ ರಾಧಾನಗರದಲ್ಲಿ, ಜೀವರಕ್ಷಕರು ತೋರಿಸಿದ ಜಾಗದಲ್ಲಿ, ಮೊಮ್ಮಗಳು ಮನದಣಿಯೆ ಈಜಿದಳು. ಕತ್ತಲಾಗುತ್ತಿದ್ದಂತೆ ಜನರೆಲ್ಲ ಒಮ್ಮೆಲೇ ಹೊರಟು ವಾಹನಗಳಿಗೆ ಪರದಾಡುವಾಗ ಇವರ ಗಾಡಿ ಕಾಯುತ್ತಿತ್ತು. ಅಜ್ಜಿ ಮರಳಿನ ಮೇಲೆ ದೂರ ನಡೆಯಲಿಲ್ಲ. ಮರಗಳ ನೆರಳಿನ ಬೆಂಚಿನ ಮೇಲೆ ಕುಳಿತು ಸೂರ್ಯಾಸ್ತ ನೋಡಿದರು.

ನಾನು ಊಹಿಸದಿದ್ದ ಒಂದು ಸಂಗತಿ ಸಂಜೆಯ ಹೊತ್ತು ನಡೆಯಿತು. ಇಡೀ ಕುಟುಂಬ ಸೇರುತ್ತಿದ್ದದ್ದು ಕಾಟೇಜ್‌ನಲ್ಲಲ್ಲ, ಹಿಂದಿನ ಕೋಣೆಯ ಜಗಲಿಯಲ್ಲಿ. ಕತ್ತಲಾದ ಮೇಲೆ ಸಮುದ್ರದ ಕಡೆ ಏನೂ ಕಾಣುತ್ತಿರಲಿಲ್ಲ, ಮರಳುನೊಣಗಳ ಕಾಟವೂ ಅಲ್ಲಿ ಹೆಚ್ಚಿತ್ತು. ಜಗಲಿಯಲ್ಲಿ ದೀಪವಿತ್ತು, ಅಡುಗೆಮನೆ ಹತ್ತಿರವಿತ್ತು. ಊರಿಂದ ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಗೆ ರೆಸಾರ್ಟಿನವರು ಅನ್ನ, ಬೇಳೆ ಜೊತೆಮಾಡಿಕೊಟ್ಟರು. ಕಾಟೇಜ್‌ಗೆ ಕೊಟ್ಟ ಹೆಚ್ಚಿನ ಹಣ ವ್ಯರ್ಥವಾಯಿತೇ ಎಂದು ಹಿಂದಿರುಗಿದ ಮೇಲೆ ಸೊಸೆಯನ್ನು ಕೇಳಿದೆ. ಇಲ್ಲವೆಂದರು. ಪೂರ್ವ ದಂಡೆಯಾದ್ದರಿಂದ ಬೆಳಗ್ಗೆ ಐದೂಕಾಲರ ಸುಮಾರಿಗೆ ಸೂರ್ಯ ಎದುರಿಗೇ ಏಳುತ್ತಿದ್ದ. ಎಲ್ಲರೂ ಏಳುವ ಮೊದಲಿನ ಆ ಒಂದೂವರೆ ಗಂಟೆ ಪೂರ್ತಿ ಅವರದ್ದಾಗಿತ್ತು. ಬೇಗ ಏಳುವವರಿಗೆ ಆ ಕಾಟೇಜ್ ಕೊಟ್ಟ ಹಣಕ್ಕೆ ತಕ್ಕದ್ದು, ಎಂಟು ಗಂಟೆಗೆ ಏಳುವವರಿಗಲ್ಲ.

ಹ್ಯಾವ್‌ಲಾಕ್‌ನಲ್ಲಿ ಮೂರನೆಯ ದಿನ ಮೋಡ ಕವಿದು ಮಳೆ ಹಿಡಿಯಿತು. ಎಲಿಫೆಂಟ್ ಬೀಚ್‌ಗೆ ಹೋಗುವ ಸಣ್ಣ ದೋಣಿಗಳು ನಿಂತವು. ಹುಣ್ಣಿಮೆಯ ದಿನ, ಅಂದರೆ ಮರಳಬೇಕಾದ ದಿನ ಬೆಳಗ್ಗೆ, ಗಾಳಿಯ ಕಾರಣದಿಂದ ಅವರ ಹಡಗು ರದ್ದಾಯಿತೆಂಬ ಸಂದೇಶ ಬಂತು. ಸರ್ಕಾರಿ ಹಡಗೂ ಹೊರಡಲಿಲ್ಲ. ಜೆಟ್ಟಿಯಲ್ಲಿ ಅಂದೇ ವಿಮಾನವಿದ್ದ ಪ್ರಯಾಣಿಕರೂ ಇದ್ದರೆಂದು ಮಗ ಫೋನಿನಲ್ಲಿ ಹೇಳಿದಾಗ ಅವರ ದನಿಯಲ್ಲಿ ಅರೆಮನಸ್ಸು ಉಳಿದಿರಲಿಲ್ಲ. ಆ ದಿನ ಬರಬೇಕಾಗಿದ್ದ ಅತಿಥಿಗಳೂ ಪೋರ್ಟ್ ಬ್ಲೇರ್‌ನಲ್ಲಿಯೇ ಉಳಿದದ್ದರಿಂದ ರೆಸಾರ್ಟಿನಲ್ಲಿ ಕೋಣೆಗಳು ಖಾಲಿಯಿದ್ದವು. ಸಮುದ್ರದ ಕಡೆ ಗಾಳಿ, ಎರಚಲು, ತೆಂಗಿನ ಗರಿಗಳು ಬೀಳುವ ಸದ್ದು ಜೋರಾಗಿದ್ದುದರಿಂದ ಮಗ ಕಾಟೇಜ್ ಬಿಟ್ಟು ತಂದೆತಾಯಿಯ ಪಕ್ಕದ ನೆಲಮಟ್ಟದ ಕೋಣೆಯನ್ನೇ ಕೇಳಿ ಪಡೆದರು. ಮರುದಿನ ಮಧ್ಯಾಹ್ನ ಹಡಗು ಸಿಕ್ಕಿತು. ಪೋರ್ಟ್ ಬ್ಲೇರ್‌ನ ಎರಡು ರಾತ್ರಿಗಳಲ್ಲಿ ಒಂದು ಹೋಯಿತು, ಅದರ ಬಾಡಿಗೆಯೂ ಹೋಯಿತು, ವಿಮಾನ ತಪ್ಪಲಿಲ್ಲ.

ಇದರಿಂದ ತಿಳಿಯುವುದು

ಎರಡು ಮುಂಜಾಗ್ರತಾ ರಾತ್ರಿಗಳು ಎಲ್ಲರಿಗೂ ಬೇಕೆಂದು ನಾನು ಹೇಳುವುದಿಲ್ಲ. ಗಾಳಿ ಏಳದಿದ್ದರೆ ಈ ಕುಟುಂಬ ಪಟ್ಟಣದಲ್ಲಿ ಒಂದು ದಿನವನ್ನು ಸುಮ್ಮನೆ ಕಳೆದಂತಾಗುತ್ತಿತ್ತು, ನನ್ನ ಸಲಹೆ ಅತಿ ಎಚ್ಚರಿಕೆಯದ್ದೆಂದು ಅವರಿಗೆ ಅನಿಸುತ್ತಿತ್ತು. ಆದರೆ ವಿಮಾನದ ಹಿಂದಿನ ಒಂದು ರಾತ್ರಿಯಾದರೂ ವಿಮಾನ ನಿಲ್ದಾಣವಿರುವ ದ್ವೀಪದಲ್ಲಿಯೇ ಇರಬೇಕೆಂಬ ವಿಷಯದಲ್ಲಿ ನನಗೆ ರಾಜಿಯಿಲ್ಲ, ಯಾವ ತಿಂಗಳಾದರೂ ಸರಿ. ಪ್ರವಾಸದಲ್ಲಿ ಯಾರದಾದರೂ ಬಿಡಲಾಗದ ಆಸೆಯೊಂದಿದ್ದರೆ ಅದನ್ನು ಮೊದಲ ದಿನಗಳಿಗೇ ಹಾಕಬೇಕೆಂಬುದೂ ಇದರ ಜೊತೆಗೇ ಬರುತ್ತದೆ. ಜೈಲು ಭೇಟಿ ಕೊನೆಗೆ ಉಳಿದಿದ್ದರೆ, ಹಡಗು ರದ್ದಾದ ಆ ಬೆಳಗ್ಗೆ ಅಜ್ಜನ ಮನಸ್ಸು ಹೇಗಿರುತ್ತಿತ್ತೆಂದು ಊಹಿಸಬಹುದು.

ವಸತಿಯವರಿಗೆ ಫೋನು ಮಾಡಿದಾಗ ಕೇಳಬೇಕಾದ ಮಾತುಗಳೂ ಇದರಿಂದ ಸ್ಪಷ್ಟವಾದವು. ಸಮುದ್ರ ಎಷ್ಟು ದೂರವೆಂದು ಕೇಳಿದರೆ ಎಲ್ಲರೂ ಹತ್ತಿರವೆನ್ನುತ್ತಾರೆ. ನಾವು ಇರುವ ದಿನಗಳಲ್ಲಿ ಇಳಿತ ಎಷ್ಟು ಹೊತ್ತಿಗೆ, ಆಗ ಕೋಣೆಯೆದುರು ನೀರಿರುತ್ತದೆಯೇ, ಆ ಹೊತ್ತಿನಲ್ಲಿ ತೆಗೆದ ಒಂದು ಚಿತ್ರ ಕಳಿಸುವಿರಾ ಎಂದು ಕೇಳಿದರೆ ಉತ್ತರ ಬೇರೆಯಾಗುತ್ತದೆ. ಮೆಟ್ಟಿಲೆಷ್ಟು, ಬಚ್ಚಲಿನ ನೆಲ ಕೋಣೆಯ ಮಟ್ಟದಲ್ಲಿದೆಯೇ, ಕತ್ತಲಾದ ಮೇಲೆ ಊಟಕ್ಕೆ ಎಷ್ಟು ದೂರ ನಡೆಯಬೇಕು, ಹಡಗು ರದ್ದಾದರೆ ಒಂದು ರಾತ್ರಿ ಹೆಚ್ಚು ಉಳಿಯಲು ಯಾವ ದರ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು. ಇಂದು ನನ್ನ ಬಳಿ ಬರುವ ಕುಟುಂಬಗಳಲ್ಲಿ ಮನೆಯ ಹಿರಿಯರೊಡನೆ ಪ್ರತ್ಯೇಕವಾಗಿ ಮಾತಾಡದೆ ನಾನು ಯಾವ ಕೋಣೆಯನ್ನೂ ಸೂಚಿಸುವುದಿಲ್ಲ. ಅಜ್ಜಿ ಹೇಳಿದ ಮಾತನ್ನು ಅವರ ಪರವಾಗಿ ಬೇರೆ ಯಾರೂ ಹೇಳಿರಲಿಲ್ಲ.

ಕುಟುಂಬವೆಲ್ಲ ಒಂದೇ ಬಗೆಯ ಕೋಣೆಗಳಲ್ಲಿ ಇರಬೇಕೆಂಬ ಅಭ್ಯಾಸವನ್ನೂ ಬಿಡಬಹುದು. ಆದರೆ ಕಾಟೇಜ್‌ಗೂ ಹಿಂದಿನ ಕೋಣೆಗೂ ನಡುವಿನ ಮರಳಿನ ದಾರಿಯಲ್ಲಿ ಮಳೆಯ ರಾತ್ರಿ ದೀಪ ಕೆಟ್ಟಿದ್ದರಿಂದ ಸೊಸೆ ಟಾರ್ಚ್ ಹಿಡಿದು ಎರಡು ಸಲ ಓಡಾಡಬೇಕಾಯಿತು. ಎರಡು ಕೋಣೆಗಳ ನಡುವಿನ ದೂರವನ್ನೂ ದಾರಿಯ ಬೆಳಕನ್ನೂ ಮೊದಲೇ ವಿಚಾರಿಸುವುದು ಅಗತ್ಯ.

ಇದೇ ಕುಟುಂಬ ಫೆಬ್ರವರಿಯಲ್ಲಿ ಹೊರಟಿದ್ದರೆ ನನ್ನ ಸಲಹೆ ಬೇರೆಯಿರುತ್ತಿತ್ತು. ಆಗ ಮಳೆ ಕಡಿಮೆ, ಸಮುದ್ರ ಸಾಮಾನ್ಯವಾಗಿ ಶಾಂತ. ಪೋರ್ಟ್ ಬ್ಲೇರ್‌ನಲ್ಲಿ ಕೊನೆಯ ಒಂದು ರಾತ್ರಿಯನ್ನು ಮಾತ್ರ ಇಟ್ಟು, ಉಳಿದ ಒಂದನ್ನು ನೀಲ್‌ಗೆ ಕೊಡಲು ಹೇಳುತ್ತಿದ್ದೆ; ಅಲ್ಲಿಯೂ ಜೆಟ್ಟಿಗೆ ಹತ್ತಿರದ ಭರತ್‌ಪುರದ ಕಡೆ, ನೆಲಮಟ್ಟದ ಕೋಣೆಯನ್ನೇ ಹುಡುಕುತ್ತಿದ್ದೆ.